ಹಿಂದಿನ ಸೀಟಿನಡಿಯ ಸದ್ದು

ಜೂನ್ 3, ಬೆಳಿಗ್ಗೆ

ಅಪ್ಪನ ಗ್ಯಾರೇಜಿನಲ್ಲಿ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ನಮ್ಮ ಬೀದಿಯ ನರ್ಸ್ ಅಕ್ಕನ ಕಾರು ಓಡುತ್ತಿದ್ದಂತೆಯೇ ನಿಂತುಬಿಡುತ್ತದಂತೆ. ಕೀ ತಿರುಗಿಸಿದೊಡನೆ ಹಿಂದಿನ ಸೀಟಿನಡಿ ಪೆಟ್ರೋಲ್ ಪಂಪು ಒಂದು ಕ್ಷಣ ಗುಂಯ್ ಅನ್ನಬೇಕು. ಅಪ್ಪ ಸೀಟಿಗೆ ಕಿವಿಯಿಟ್ಟು, ಸ್ಟೀರಿಂಗ್ ಮುಂದೆ ಕೂತಿದ್ದ ಕೆಲಸದ ಫಿಟ್ಟರ್ ಮಾಮನಿಗೆ "ಹಾಕು" ಎಂದರು. ಆಮೇಲೆ ತಲೆಯಾಡಿಸಿದರು. ಪಂಪು ಚೆನ್ನಾಗಿದೆ, ಫಿಲ್ಟರ್, ಪ್ಲಗ್ಗು ಬದಲಾಯಿಸು ಎಂದರು.

ಫಿಟ್ಟರ್ ಮಾಮ ಕೀ ತಿರುಗಿಸಿಯೇ ಇರಲಿಲ್ಲ. ಅದಿನ್ನೂ ಅವರ ಕೈಯಲ್ಲಿತ್ತು. ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಸಂಜೆ

ಪಂಪು ಒಮ್ಮೆ ಬಿಚ್ಚೋಣ ಎಂದರು ಮಾಮ, ಜೋರಾಗಿಯೇ. ಅಪ್ಪನಿಗೆ ರೇಗಿತು. "ಇಷ್ಟು ವರ್ಷ ಎಂಜಿನ್ ಕೇಳಿದ ಕಿವಿ ಕಣೋ ಇದು. ನನಗೇ ಪಾಠ ಹೇಳ್ತೀಯಾ?"

ಹೊಸ ಫಿಲ್ಟರ್. ಹೊಸ ಪ್ಲಗ್ಗು. ಹಳೇ ಪಂಪು. ಕಾರು ಹೋಯಿತು.

ಜೂನ್ 9

ಕಾರು ನಡುರಸ್ತೆಯಲ್ಲೇ ನಿಂತಿದೆ. ಹಿಂದಿನ ಲಾರಿ ಕೂದಲೆಳೆ ಅಂತರದಲ್ಲಿ ಬ್ರೇಕ್ ಹಾಕಿತಂತೆ. ಒಳಗೆ ನರ್ಸ್ ಅಕ್ಕನ ಮಗಳೂ ಇದ್ದಳು. ಅಕ್ಕ ಕಾರನ್ನು ಎಳೆಸಿಕೊಂಡು ಬಂದರು. ಅವರೆದುರೇ ಅಪ್ಪ ಮಾಮನತ್ತ ಬೆರಳು ತೋರಿಸಿದರು — ಫಿಲ್ಟರಿನ ಪೈಪು ಸರಿಯಾಗಿ ಕೂರಿಸಿಲ್ಲ ಇವನು. ನಾಳೆಯಿಂದ ಬರುವುದು ಬೇಡ.

ಮಾಮ ಸ್ಪ್ಯಾನರ್ ಕೆಳಗಿಟ್ಟು ಹೊರಟರು. ಗೇಟಿನ ಹತ್ತಿರ ಓಡಿಹೋಗಿ, ಯಾಕೆ ನಿಜ ಹೇಳಲಿಲ್ಲ ಎಂದೆ. "ಕೆಲಸ ಕಲಿಸಿದವ್ರು ಕಣಮ್ಮಾ. ನಿಮಗೆ ಕಿವಿ ಕೇಳಲ್ಲ ಅಂತ ಜನರ ಮುಂದೆ ಹೇಗೆ ಹೇಳ್ಲಿ?"

ಜೂನ್ 10

ಅಮ್ಮನಿಗೆ ಹೇಳಿದೆ. ಬಟ್ಟೆ ಮಡಿಸುವುದನ್ನು ನಿಲ್ಲಿಸಲೂ ಇಲ್ಲ. "ನಿನ್ನ ಓದಿಸಿದ್ದೂ ಆ ಗ್ಯಾರೇಜೇ. ನೀನೇನೂ ನೋಡಿಲ್ಲ."

ಅಂದರೆ ಇವಳಿಗೂ ಗೊತ್ತು. ಹೋದ ವರ್ಷದಿಂದ ಟಿ.ವಿ. ಅಷ್ಟು ಅಬ್ಬರಿಸುತ್ತಿರುವುದು... ಥೂ.

ಜೂನ್ 13, ರಾತ್ರಿ

ಅಪ್ಪ ಪೈಪು ಬಿಚ್ಚಿ ಮತ್ತೆ ಕೂರಿಸಿದ್ದಾರೆ, ಅಷ್ಟೇ. ನಾಳೆ ನರ್ಸ್ ಅಕ್ಕ ಕಾರು ಒಯ್ಯಲು ಬರುತ್ತಾರೆ. ಊಟದ ಹೊತ್ತಿಗೆ ಧೈರ್ಯ ಮಾಡಿ, ಅಪ್ಪಾ, ಆ ಪಂಪು ಒಮ್ಮೆ ನೋಡಿ ಎಂದೆ. ನನ್ನ ಬಾಯಿಯನ್ನೇ ನೋಡುತ್ತಾ ಕೂತರು. ಆಮೇಲೆ ನಕ್ಕರು. "ಸಾಹಿತ್ಯದಲ್ಲಿ ಎಂ.ಎ. ಮಾಡಿದೋಳು, ಬಾಯಿ ಬಿಟ್ಟು ಮಾತಾಡೇ. ಏನದು ಗುಬ್ಬಿ ಥರ?"

ಅಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಏನಿಲ್ಲ ಎಂದೆ.

ನಾಳೆ ನರ್ಸ್ ಅಕ್ಕನಿಗೆ ಹೇಳುತ್ತೇನೆ. ಪಂಪು ಯಾರೂ ನೋಡಿಲ್ಲ. ಓಡಿಸಬೇಡಿ, ಎಳೆಸಿಕೊಂಡು ಫಿಟ್ಟರ್ ಮಾಮನ ಹತ್ತಿರ ಒಯ್ಯಿರಿ. ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ. ನಿಂತಿರಲಿ. ನನ್ನ ಮಾಮೂಲಿ ದನಿಯಲ್ಲೇ ಹೇಳಿದರೆ ಅವರಿಗೆ ಕೇಳಿಸುವುದೂ ಇಲ್ಲ.