ಕೈ ಒಪ್ಪಿದ ಗುಳಿಗಿ

ಸ್ನೇಹಲನ ಪಪ್ಪಾರ,

ತಂಗಿ ಮನಿಗೆ ಜುಗೂಳಕ್ಕ ಹೊಂಟೇನಿ, ನಾಳೆ ಸಂಜಿಕ ಬರ್ತೇನಿ. ರೊಟ್ಟಿ ಬುಟ್ಟ್ಯಾಗ ಅದಾವ. ಎಮ್ಮಿಗೆ ನೀರ ಕುಡಸ್ರಿ.

ಚಿಕ್ಕೋಡಿ ಶಿಬಿರದಾಗ ಆ ಥೆರಪಿಯವ ಶುಗರ್ ಗುಳಿಗಿ ನಿಮ್ಮ ಒಂದ ಕೈಯಾಗ ಹಿಡಿಸಿ, ಚಾಚಿದ ಇನ್ನೊಂದ ಕೈ ಒತ್ತಿದ್ರ ಬಿತ್ತಂತ. ಅವನ ಔಷಧ ಪುಡಿ ಹಿಡಿದ್ರ ಕಂಬದಂಗ ನಿಂತಿತಂತ. "ದೇಹ ಸುಳ್ಳ ಹೇಳೂದಿಲ್ಲ" ಅಂತ ಅಂವ ಅಂದ, ನೀವು ಹತ್ತ ದಿನದಿಂದ ಗುಳಿಗಿ ಬಿಟ್ಟೀರಿ. ಈಗ ಕಾಲ ಜುಮು ಜುಮು ಅಂತಾವ ಅಂತ ನನ್ನ ಮುಂದ ಗೊಣಗ್ತೀರಿ.

ನಿನ್ನೆ ನನಗ ತೋರಸಾಕಂತ ಎರಡೂ ಡಬ್ಬಿ ಒಂದಾದ ಮ್ಯಾಲ ಒಂದ ಹಿಡಿದು, ನನ್ನ ಕಡಿಂದನ ಕೈ ಒತ್ತಿಸ್ಕೊಂಡ್ರಲ್ಲ? ಗುಳಿಗಿ ಡಬ್ಬಿಗೆ ಕೈ ಬಿತ್ತು, ಪುಡಿ ಡಬ್ಬಿಗೆ ನಿಂತಿತು. "ನೋಡಿದಿ?" ಅಂತ ಮೀಸಿ ತಿರುವಿದ್ರಿ.

ನೋಡಿದೆ. ಡಬ್ಬಿ ಒಳಗಿಂದು ಮೊದಲ ನಾನ ಅದಲಬದಲ ಮಾಡಿದ್ದೆ. ಸಪ್ಪಳ ಆಗಬಾರದಂತ ಗುಳಿಗಿ ಹತ್ತ್ಯಾಗ ಸುತ್ತಿ ಪುಡಿ ಡಬ್ಬ್ಯಾಗ ಇಟ್ಟಿದ್ದೆ. ನಿಮ್ಮ ಕೈಗೆ ಡಬ್ಬಿ ಅಷ್ಟ ಗೊತ್ತು, ಔಷಧ ಗೊತ್ತಿಲ್ಲ.

ಗುಳಿಗಿ ಇನ್ನೂ ಪುಡಿ ಡಬ್ಬ್ಯಾಗನ ಅದಾವ. ಊಟಾದ ಮ್ಯಾಲ ಒಂದ ನುಂಗ್ರಿ. ಇಪ್ಪತ್ತ ವರ್ಷ ನನ್ನ ಮಾತ ಕೇಳಲಿಲ್ಲ, ನಿಮ್ಮ ಕೈಯ ಮಾತಾದ್ರೂ ಕೇಳ್ರಿ.

ಕಸ್ತೂರಿ