ಕರ್ಲ್ಯೂ ಗುಡ್ಡದಲ್ಲಿ ಮೂರು ಕಾಲು ಊರಲು ಸಿಕ್ಕ ಅನುಮತಿ

ಮಾನ್ಯ ವೀಕ್ಷಣಾತಾಣಗಳ ನಿರ್ದೇಶಕರೇ,

ಕರ್ಲ್ಯೂ ಗುಡ್ಡದ ನೆತ್ತಿಯಲ್ಲಿ ಕ್ಯಾಮೆರಾ ಕೂರಿಸುವ ಮೂರು ಕಾಲಿನ ಟ್ರೈಪಾಡ್ ನಿಲ್ಲಿಸಿ ಬ್ರಿಸ್ಬೇನ್ ನಗರದ ಫೋಟೊ ತೆಗೆಯಲು ನನ್ನ ಹೆಂಡತಿ ನೋಲೀನ್ ಪೆಂಗೆಲಿಗೆ ತಾವು ದಯಪಾಲಿಸಿದ ಅನುಮತಿಪತ್ರ ಕೈಸೇರಿದೆ. ಕಾಗದ ದಪ್ಪವಾಗಿದೆ, ಮೊಹರು ಸುಂದರವಾಗಿದೆ, ತಮ್ಮ ಸಹಿಯಂತೂ ಪುಟದ ತಳದಲ್ಲಿ ಕಾಲು ಚಾಚಿ ಮಲಗಿದೆ. ಅದನ್ನು ಅವಳಿಗೆ ನಾನೇ ಓದಿ ಹೇಳಬೇಕಾಯಿತು. ಅನುಮತಿ ಬರುವ ಹೊತ್ತಿಗೆ ಅವಳ ಕಣ್ಣು ಹೋಗಿತ್ತು. ನನ್ನ ದೂರು ಇಷ್ಟೇ. ಆದರೆ ಇಷ್ಟೇ ಬರೆದರೆ ತಮ್ಮ ಕಚೇರಿ 'ವಿವರ ಸಾಲದು' ಎಂದು ಹಿಂದಕ್ಕೆ ಕಳಿಸುತ್ತದೆಂಬುದು ನನಗೆ ಅನುಭವದಿಂದ ಗೊತ್ತು. ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ, ಪತ್ರಿಕೆಯಲ್ಲೇ ಬರೆಯುತ್ತೇನೆ. ತಾವು ಓದದಿದ್ದರೆ ತಮ್ಮ ನೆರೆಹೊರೆಯವರಾದರೂ ಓದಲಿ.

ನೋಲೀನ್ ದಕ್ಷಿಣ ಆಸ್ಟ್ರೇಲಿಯಾದ ವಾಲರೂ ಪಟ್ಟಣದಲ್ಲಿ ಹೆಂಗಸರ ಕೂದಲು ಕತ್ತರಿಸಿ ಬದುಕಿದವಳು. ನಾನು ಅಲ್ಲಿಯ ಬಂದರಿನ ಗೋಧಿ ಕಣಜದಲ್ಲಿ ಕೆಲಸಕ್ಕಿದ್ದೆ. ನಿವೃತ್ತರಾದ ಮೇಲೆ ನಮ್ಮ ವಯಸ್ಸಿನ ಎಲ್ಲರಂತೆ ನಾವೂ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿಕೊಂಡು ಹೊರಟೆವು. ಉಳಿದವರು ಮರುಭೂಮಿಯ ಕೆಂಪು ಬಂಡೆ ನೋಡಲು ಹೋಗುತ್ತಾರೆ. ಇವಳಿಗೆ ಬಂಡೆ ಎಂದರೆ ಆಕಳಿಕೆ. ಇವಳಿಗೆ ಬೇಕಾದದ್ದು ಊರು: ಆಕಾಶಕ್ಕೆ ತಾಗಿ ನಿಂತ ಊರಿನ ಅಂಚು. "ಎಲ್ರೂ ಊರಿನ ಮುಖದ್ದು ಫೋಟೊ ತೆಗೀತಾರೆ. ನಾನು ಜೀವಮಾನ ಪೂರ್ತಿ ಹಿಂದಲೆ ನೋಡಿದೋಳು. ಮುಖಕ್ಕೆ ನಟನೆ ಬರತ್ತೆ, ಹಿಂದಲೆಗೆ ಬರಲ್ಲ" ಎನ್ನುತ್ತಿದ್ದಳು.

ಒಳ್ಳೆಯ ಜಾಗ ಹುಡುಕಲು ಅವಳದೇ ಒಂದು ಕ್ರಮವಿತ್ತು. ಮೊದಲು ಊರಿನ ನಟ್ಟನಡುವೆ ಹೋಗಿ ನಿಂತು ಕತ್ತೆತ್ತಿ ಸುತ್ತ ನೋಡುವುದು. ಕಟ್ಟಡಗಳ ಸಂದಿಯಲ್ಲಿ ಒಂದು ಗುಡ್ಡವೋ ನೀರಿನ ತೊಟ್ಟಿಯೋ ಕಂಡರೆ ಮುಗಿಯಿತು. "ನಮಗ್ ಕಾಣೋ ಗುಡ್ಡಕ್ಕೆ ನಾವೂ ಕಾಣ್ತೀವಿ ಕ್ಲೈವ್, ನಡಿ." ಹಾಗೆಯೇ ಹೋಬಾರ್ಟ್‌ನಲ್ಲಿ ಒಂದು ಸ್ಮಶಾನ ಸಿಕ್ಕಿತು, ಪರ್ತ್‌ನಲ್ಲಿ ಆಸ್ಪತ್ರೆಯ ಕಾರು ನಿಲ್ಲಿಸುವ ಕಟ್ಟಡದ ತಾರಸಿ ಸಿಕ್ಕಿತು. ಸಮುದ್ರ ದಾಟಿ ವೆಲಿಂಗ್ಟನ್‌ಗೆ ಹೋದಾಗ ಯಾರೋ ಒಬ್ಬ ಹೆಂಗಸು ತನ್ನ ಹಿತ್ತಲಿಗೆ ಕರೆದು, ತಂತಿಯ ಮೇಲೆ ಒಣಹಾಕಿದ್ದ ಹೊದಿಕೆಗಳನ್ನೆಲ್ಲ ತೆಗೆದು, ಊರು ಕಾಣುವಂತೆ ಮಾಡಿ, ಮೇಲೆ ಚಹಾವನ್ನೂ ಕೊಟ್ಟಳು. ಎಲ್ಲೂ ಯಾರೂ ನಮ್ಮ ಕ್ಯಾಮೆರಾದ ಕಾಲು ಎಣಿಸಲಿಲ್ಲ.

ಬ್ರಿಸ್ಬೇನನ್ನು ಕೊನೆಗೆಂದು ಇಟ್ಟುಕೊಂಡಿದ್ದಳು. ಹದಿಹರೆಯದಲ್ಲಿ ಕತ್ತರಿ ಹಿಡಿಯಲು ಕಲಿತದ್ದು ಇಲ್ಲೇ, ನದಿಯ ದಂಡೆಯ ಒಂದು ಅಂಗಡಿಯಲ್ಲಿ. ಒಡತಿಯ ಬೈಗುಳ ತಿಂದಾಗಲೆಲ್ಲ ಹಿಂಬದಿಯ ಕಬ್ಬಿಣದ ಮೆಟ್ಟಿಲ ಮೇಲೆ ಕೂತು ದೂರದ ಕರ್ಲ್ಯೂ ಗುಡ್ಡ ನೋಡುತ್ತಿದ್ದಳಂತೆ. ಒಮ್ಮೆ ಅಲ್ಲಿಂದ ಇಲ್ಲಿಗೆ ನೋಡಬೇಕು ಎಂಬುದು ಅಂದಿನ ಆಸೆ. ಆಗ ಬಸ್ಸಿರಲಿಲ್ಲ, ಬಸ್ಸು ಬರುವಷ್ಟರಲ್ಲಿ ನಾನು ಬಂದು ಅವಳನ್ನು ವಾಲರೂಗೆ ಕರೆದೊಯ್ದಿದ್ದೆ.

ದಾರಿಯಲ್ಲಿ ಅವಳ ಕಣ್ಣು ಮಸುಕಾಗತೊಡಗಿತು. ಜೀಲಾಂಗ್ ಊರಿನ ಕಣ್ಣಿನ ವೈದ್ಯೆ ರೋಗವನ್ನು ನೇರವಾಗಿ ಹೇಳಿದರು. ಒಂದು ಕಣ್ಣಿನ ನಡುಭಾಗ ಆಗಲೇ ಹೋಗಿತ್ತು. ಇನ್ನೊಂದಕ್ಕೆ ಚುಚ್ಚುಮದ್ದು ಕೊಡುತ್ತಾರೆ, ಆದರೆ ಅದು ಎಷ್ಟು ಕಾಲ ತಡೆಯುತ್ತದೆಂದು ಯಾರೂ ಹೇಳಲಾರರು. ಅಂಚು ಉಳಿಯುತ್ತದೆ, ನಡು ಹೋಗುತ್ತದೆ.

"ಡೋನಟ್ ಥರಾನಾ, ನಡುವೆ ತೂತು?" ಎಂದಳು ನೋಲೀನ್.

"ಹೆಚ್ಚುಕಡಿಮೆ ಹಾಗೇ."

"ಹಾಗಾದ್ರೆ ತಿನ್ನೋ ಭಾಗ ಉಳಿಯತ್ತೆ ಬಿಡಿ."

ಕಾರಿಗೆ ಬಂದು ಕೂತ ಮೇಲೆ ನನ್ನ ಕಡೆ ತಿರುಗದೆ, "ಬ್ರಿಸ್ಬೇನ್‌ಗೆ ಓಡಿಸು" ಎಂದಳು.

ಓಡಿಸಿದೆ. ಈಗ ತಾವು ಕಥೆಯೊಳಗೆ ಬರುತ್ತೀರಿ, ಟೈ ಸರಿಮಾಡಿಕೊಳ್ಳಿ.

ಕರ್ಲ್ಯೂ ಗುಡ್ಡದ ಬುಡದಲ್ಲಿ ತಾವು ನಿಲ್ಲಿಸಿದ ಗೇಟಿದೆ. ಗೇಟಿನಲ್ಲಿ ತಾವು ಕೂರಿಸಿದ ರೋವೀನಾ ಎಂಬ ನಡುವಯಸ್ಸಿನ ಕಾವಲುಗಾರ್ತಿ ಇದ್ದರು. ನಮ್ಮ ಚೀಲದಿಂದ ಇಣುಕುತ್ತಿದ್ದ ಟ್ರೈಪಾಡ್ ನೋಡಿ ಕೈ ಅಡ್ಡ ಹಿಡಿದರು.

"ಅದನ್ ಒಳಗ್ ಬಿಡಲ್ಲ ಚಿನ್ನ. ಮೂರು ಕಾಲಿಂದು ಏನೇ ಇದ್ರೂ ವ್ಯಾಪಾರಕ್ಕೆ ಅಂತ ಲೆಕ್ಕ. ಅನುಮತಿ ಬೇಕು."

"ನನ್ ಗಂಡ, ಅವನ ಊರುಗೋಲು, ಎರಡೂ ಸೇರಿದ್ರೆ ಮೂರು ಕಾಲೇ. ಅವನ್ನೂ ಬಿಡಲ್ವಾ?"

ರೋವೀನಾ ನಕ್ಕರು. "ಅವ್ರನ್ನ ಮಾರಕ್ಕಾಗಲ್ವಲ್ಲ."

"ಅದೇನೋ ನಿಜ. ಪ್ರಯತ್ನಪಟ್ಟಿದೀನಿ."

ಕತ್ತರಿ ಆಡಿಸಿ ಆಡಿಸಿ ನೋಲೀನಳ ಮಣಿಕಟ್ಟು ಸವೆದುಹೋಗಿದೆ, ಕ್ಯಾಮೆರಾ ಹಿಡಿದರೆ ನಡುಗುತ್ತದೆ ಎಂದು ನಾನು ಹೇಳಿದೆ. ಮೇಲಿನ ಕಂಬಿಗೆ ಆನಿಸಿ ತೆಗೆಯಬಹುದೇ ಎಂದು ಕೇಳಿದೆ. ಆನಿಸುವುದೂ 'ಆಧಾರ ಬಳಕೆ' ಎಂದು ಹೊಸ ಸುತ್ತೋಲೆ ಬಂದಿದೆ ಎಂದರು ಆಕೆ, ಪಾಪ, ತಲೆ ತಗ್ಗಿಸಿ. ನಿರ್ದೇಶಕರೇ, ಆ ಸುತ್ತೋಲೆ ಬರೆದದ್ದು ತಾವೇ? ಬರೆಯುವಾಗ ಮೊಣಕೈಯನ್ನು ಮೇಜಿಗೆ ಆನಿಸಿದ್ದಿರಾ? ಅದಕ್ಕೆ ಯಾರ ಅನುಮತಿ ಪಡೆದಿರಿ?

"ಸಾಮಾನು ಇಲ್ಲೇ ಬಿಟ್ಟು ಹೋಗಿ ಕಣ್ತುಂಬಾ ನೋಡ್ಕೊಂಡ್ ಬನ್ನಿ ಚಿನ್ನ. ನಾನು ಕಾಯ್ತೀನಿ" ಎಂದರು ರೋವೀನಾ.

ನೋಲೀನ್ ಒಪ್ಪಲಿಲ್ಲ. ಎತ್ತರದಿಂದ ಯಾವ ಊರನ್ನೂ ಅವಳು ಮೊದಲು ನೋಡುವುದು ಕ್ಯಾಮೆರಾ ನೆಟ್ಟು ನಿಂತ ಮೇಲೆಯೇ. ಅಲ್ಲಿಯವರೆಗೆ ಬೆನ್ನು ಹಾಕಿ ನಿಂತಿರುತ್ತಾಳೆ. "ನಾಳೆ ಆಫೀಸಿಗ್ ಹೋಗಿ ಚೀಟಿ ತಗೊಂಡ್ ಬರೋಣ, ಏನೀಗ" ಎಂದಳು. ಅವಳ ಹಟವೇ ಅವಳಿಗೆ ಮುಳುವಾಯಿತು ಎಂದು ತಾವೀಗ ಸಮಾಧಾನದಿಂದ ಕುರ್ಚಿಗೆ ಒರಗುತ್ತಿದ್ದೀರಿ, ಬಲ್ಲೆ. ಒಂದು ಚೀಟಿ ಮರುದಿನ ಸಿಗುತ್ತದೆ ಎಂದು ನಂಬಿದ್ದು ಹಟವಾದರೆ, ಹೌದು, ಅವಳು ಮಹಾ ಹಟಮಾರಿ.

ಮರುದಿನ ತಮ್ಮ ಭೇಟಿಯ ಭಾಗ್ಯ ಸಿಕ್ಕಿತು. ನೆನಪಿದೆಯೇ? ತಮ್ಮ ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ನಗರದ ನೋಟಗಳಿಗೆಲ್ಲ ಒಡೆಯರಾದವರಿಗೆ ಬಿಸಿಲು ಆಗುವುದಿಲ್ಲವಂತೆ. ನಾನು ಕಣ್ಣಿನ ವಿಷಯ ಹೇಳಿದೆ, ವೈದ್ಯೆಯ ಮಾತನ್ನೂ ಹೇಳಿದೆ. ತಾವು ಬಹಳ ಸೌಜನ್ಯದಿಂದ ಕೇಳಿಸಿಕೊಂಡು, ಕುಳಿತಲ್ಲಿಂದಲೇ ಮುಂದೆ ಬಾಗಿ, ಮಗುವಿಗೆ ಹೇಳುವಂತೆ ಹೇಳಿದಿರಿ:

"ನೋಟ ಎಲ್ಲಿಗೂ ಓಡಿಹೋಗಲ್ಲ ಮೇಡಂ."

"ನೋಟ ಓಡಲ್ಲ ಸಾರ್" ಎಂದಳು ನೋಲೀನ್. "ನನ್ ಕಣ್ಣು ಓಡ್ತಾ ಇದೆ."

ತಾವು ನಕ್ಕಿರಿ. ಅದು ಹಾಸ್ಯವೆಂದು ತಿಳಿದಿರಿ. ಅವಳು ಹಾಸ್ಯ ಮಾಡುವಾಗ ಮುಖ ಗಂಭೀರವಾಗಿರುತ್ತದೆ, ನಿಜ. ಆದರೆ ಅಂದು ಅವಳ ಕೈ ನನ್ನ ತೋಳನ್ನು ಹಿಡಿದುಕೊಂಡಿತ್ತು, ಉಗುರು ಊರಿತ್ತು. ಅದು ತಮ್ಮ ಕುರ್ಚಿಯಿಂದ ಕಾಣುವ ಜಾಗದಲ್ಲಿರಲಿಲ್ಲ.

ಅರ್ಜಿ ಕೊಟ್ಟೆವು. 'ಉದ್ದೇಶ' ಎಂದಿದ್ದಲ್ಲಿ ಏನು ಬರೆಯಲಿ ಎಂದು ಕೇಳಿದೆ. "ನೋಡೋದು ಅಂತ ಬರಿ" ಎಂದಳು. ಬರೆದೆ. ಅರ್ಜಿ ಹಿಂದೆ ಬಂತು: 'ಉದ್ದೇಶ ಅಸ್ಪಷ್ಟ.' ವೀಕ್ಷಣಾತಾಣಗಳ ಕಚೇರಿಗೆ 'ನೋಡುವುದು' ಎಂಬ ಪದ ಅರ್ಥವಾಗಲಿಲ್ಲ! ಮೀನು ಮಾರುವವನಿಗೆ ಮೀನು ಎಂದರೇನು ಎಂದು ಬಿಡಿಸಿ ಹೇಳಬೇಕಾದ ಸ್ಥಿತಿ ನನ್ನದು. ಎರಡನೆಯ ಸಲ 'ವೈಯಕ್ತಿಕ ದೃಶ್ಯ ದಾಖಲೀಕರಣ' ಎಂದು ಬರೆದೆ. ಅದು ಥಟ್ಟನೆ ಸ್ಪಷ್ಟವಾಯಿತು. ಆಮೇಲೆ ವಿಮೆ ಕೇಳಿದಿರಿ. ಟ್ರೈಪಾಡಿನ ಕಾಲು ಹುಲ್ಲಿಗೆ ಚುಚ್ಚಿ ಹುಲ್ಲಿಗೆ ಗಾಯವಾದರೆ ಪರಿಹಾರ ಯಾರು ಕೊಡುತ್ತಾರೆ ಎಂಬ ತಮ್ಮ ಕಳಕಳಿಗೆ ನಾನು ತಲೆಬಾಗುತ್ತೇನೆ.

ಈ ನಡುವೆ, ಇನ್ನು ಕಾಯಲಾರೆ, ಟ್ರೈಪಾಡ್ ಇಲ್ಲದೆಯೇ ನೋಡುತ್ತೇನೆ ಎಂದು ನೋಲೀನ್ ಸೋತು ಒಪ್ಪಿದಳು. ಅವಳು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೋದರೆ ಗುಡ್ಡವೇ ಮುಚ್ಚಿತ್ತು! ತಮ್ಮ ಕಚೇರಿ ಪ್ರವಾಸಿಗರನ್ನು ಕರೆಯುವ ಜಾಹೀರಾತು ಚಿತ್ರ ತೆಗೆಸುತ್ತಿತ್ತು. ಮೇಲಿನಿಂದ ಸಂಗೀತ ಕೇಳಿಸುತ್ತಿತ್ತು. ತಮ್ಮ ಚಿತ್ರತಂಡದ ಕ್ಯಾಮೆರಾಗಳೆಲ್ಲ ಕಾಲಿಲ್ಲದೆ ಗಾಳಿಯಲ್ಲಿ ತೇಲುತ್ತಿದ್ದವೇ? ಹುಲ್ಲು ಕ್ಷೇಮವೇ? ರೋವೀನಾ ಮೇಲಿನವರಿಗೆ ಫೋನು ಮಾಡಿ, "ಒಬ್ರೇ ಒಬ್ರು ವಯಸ್ಸಾದೋರು, ಎರಡು ನಿಮಿಷ ಮೂಲೇಲಿ ನಿಂತು ನೋಡ್ಕೊಂಡ್ ಹೋಗ್ತಾರೆ" ಎಂದು ಬೇಡಿಕೊಂಡರು. ಆ ಕಡೆಯಿಂದ ಏನು ಹೇಳಿದರೋ, ಫೋನು ಇಟ್ಟು ನಮ್ಮ ಮುಖ ನೋಡಲಿಲ್ಲ. ನಾವು ಕೆಳಗಿನ ಬೆಂಚಿನಲ್ಲಿ ಕೂತು ಬೀಟ್‌ರೂಟ್ ಸ್ಯಾಂಡ್‌ವಿಚ್ ತಿಂದೆವು. ಐಬಿಸ್ ಎಂಬ ಉದ್ದ ಕೊಕ್ಕಿನ ಒಂದು ಹಕ್ಕಿ ಕಸದ ಡಬ್ಬಿಯೊಳಗೆ ತಲೆ ತೂರಿಸಿ ಏನೋ ಹುಡುಕುತ್ತಿತ್ತು. "ಅದು ಯಾವ್ ಇಲಾಖೆ ನಿರ್ದೇಶಕರು?" ಎಂದು ಕೇಳಿದಳು ನೋಲೀನ್.

ಮುಂದಿನ ವಾರ ಒಂದು ಬೆಳಿಗ್ಗೆ ಕ್ಯಾರವಾನಿನಲ್ಲಿ ನಾನು ಚಹಾ ಸೋಸುತ್ತಿದ್ದೆ. ಅವಳು ಹಾಸಿಗೆಯಲ್ಲೇ ಎದ್ದು ಕೂತು, "ಕ್ಲೈವ್, ನಿನ್ ಮುಖ ಎಲ್ಲೋಯ್ತು?" ಎಂದಳು.

"ಇಲ್ಲೇ ಇದೀನಲ್ಲೇ."

"ಕಿವಿ ಕಾಣ್ತಿದೆ. ಭುಜ ಕಾಣ್ತಿದೆ. ಮುಖ ಇಲ್ಲ."

ಉಳಿದಿದ್ದ ಕಣ್ಣಿನೊಳಗೆ ರಕ್ತ ಸೋರಿತ್ತು. ಆಸ್ಪತ್ರೆಯಲ್ಲಿ ಎಲ್ಲವನ್ನೂ ಮಾಡಿದರು. ಹೋದ ನಡುಭಾಗ ಮರಳಲಿಲ್ಲ. ನಾವು ಆಸ್ಪತ್ರೆಯಿಂದ ಬಂದ ವಾರವೇ ತಮ್ಮ ದಪ್ಪ ಕಾಗದ ಬಂತು. ಅದರ ಮೊದಲ ಷರತ್ತು: 'ಅನುಮತಿ ಪಡೆದವರು ಗುಡ್ಡದ ಸೂಚನಾಫಲಕಗಳನ್ನು ಸ್ವತಃ ಓದಿ ಮನದಟ್ಟು ಮಾಡಿಕೊಳ್ಳತಕ್ಕದ್ದು.'

ನಾನು ಅದನ್ನು ಹರಿಯುವವನಿದ್ದೆ. ಅವಳು ಬಿಡಲಿಲ್ಲ. "ಕೊಟ್ಟಿದಾರಲ್ಲ, ಹೋಗೋಣ."

ರೋವೀನಾ ಗೇಟು ತೆರೆದರು. ನೋಲೀನ್ ನನ್ನ ಭುಜ ಹಿಡಿದು ನಡೆಯುವುದನ್ನು ನೋಡಿ, ಚಿನ್ನ ಎನ್ನಲು ಹೋಗಿ ಎನ್ನಲಿಲ್ಲ. ಮೇಲೆ ಗಾಳಿ ತಂಪಾಗಿತ್ತು. ಟ್ರೈಪಾಡ್ ನೆಟ್ಟೆ, ಕ್ಯಾಮೆರಾ ಕೂರಿಸಿದೆ. ಅಲ್ಲಿಯವರೆಗೂ ಅವಳು ಬೆನ್ನು ಹಾಕಿಯೇ ನಿಂತಿದ್ದಳು. ಆಮೇಲೆ ತಿರುಗಿದಳು.

ಅವಳ ರೋಗದ ರೀತಿ ತಮಗೆ ತಿಳಿದಿರಲಿ. ಆಕಾಶ ಕಂಡಿತು. ಕಾಲಬುಡದ ಹುಲ್ಲು ಕಂಡಿತು. ಬಲತುದಿಯಲ್ಲಿ ನದಿಯ ಒಂದು ತುಂಡು ಕಂಡಿತು. ನಡುವೆ ಊರು ಇರಬೇಕಾದ ಜಾಗದಲ್ಲಿ ಬೂದು ಕಲೆ. ಅವಳು ಎತ್ತ ನೋಡಿದರೆ ಅತ್ತಲೇ ಕಲೆ ಬಂದು ಕೂರುತ್ತಿತ್ತು. ಊರನ್ನು ಕಣ್ಣಂಚಿನಲ್ಲಾದರೂ ಹಿಡಿಯಲೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು, ಮುನಿಸಿಕೊಂಡವರು ನಿಲ್ಲುವ ಹಾಗೆ. ಏನೋ ಎತ್ತರದ್ದು ಅಲುಗಾಡಿತಂತೆ. ಕಟ್ಟಡಗಳು ಅಲುಗಾಡುವುದಿಲ್ಲ.

"ಏನಿದೆ ಹೇಳು" ಎಂದಳು.

"ಕಟ್ಟಡ ಇದೆ. ತುಂಬಾ ಇವೆ. ನದಿ ಇದೆ. ಸೇತುವೆ."

"ಗೋಧಿ ಮೂಟೆ ಎಣಿಸ್ತಿದೀಯಾ? ಯಾವುದು ಎತ್ತರ, ಯಾವುದ್ರ ಹಿಂದೆ ಯಾವುದಿದೆ, ಬಿಸಿಲು ಯಾವ್ ಗೋಡೆ ಮೇಲಿದೆ? ನದಿ ದಡದಲ್ಲಿ ಕಬ್ಬಿಣದ ಮೆಟ್ಟಿಲಿನ ಅಂಗಡಿ ಇದೆಯಾ?"

ನಾನು ಹುಡುಕಿದೆ. ದಡದುದ್ದಕ್ಕೂ ಎಲ್ಲ ಗಾಜಿನ ಕಟ್ಟಡ. ಇದೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಬಾಯಿ ತೆರೆದ ಸದ್ದಿಗೇ ಅವಳಿಗೆ ತಿಳಿಯಿತು. ನಲವತ್ತು ವರ್ಷದ ಸಂಸಾರದಲ್ಲಿ ಕಣ್ಣೇನೂ ಬೇಕಾಗುವುದಿಲ್ಲ. "ಬೇಡ ಬಿಡು. ಮಡಚು" ಎಂದಳು. ಒಂದು ಫೋಟೊವನ್ನೂ ತೆಗೆಯಲಿಲ್ಲ. ಇಳಿಯುವಾಗ ಬಸ್ ತಂಗುದಾಣದಲ್ಲಿ ತಮ್ಮ ಹೊಸ ಜಾಹೀರಾತು ಅಂಟಿಸಿತ್ತು: ಕರ್ಲ್ಯೂ ಗುಡ್ಡ, ಹೊನ್ನಿನ ಬಿಸಿಲು, 'ಬನ್ನಿ, ಕಣ್ತುಂಬಿಕೊಳ್ಳಿ.' ಅದನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ಈ ಪತ್ರ ಅಚ್ಚಾದ ಮೇಲೆ ಯಾರಾದರೂ ಓದಿ ಹೇಳುತ್ತಾರೆ.

ರಕ್ತ ಸೋರಿಸಿದ್ದು ತಾವಲ್ಲ. ಅಷ್ಟು ಕೆಲಸ ಮಾಡುವವರು ತಾವಲ್ಲವೆಂದು ನನಗೆ ಗೊತ್ತು. ತಾವು ಮಾಡಿದ್ದು ಇಷ್ಟೇ: ಅವಳ ಬಳಿ ಉಳಿದಿದ್ದ ಕೆಲವು ಹಗಲುಗಳನ್ನು ತಮ್ಮ ಮೇಜಿನ ಖಾನೆಯಲ್ಲಿ ಭದ್ರವಾಗಿ ಇಟ್ಟುಕೊಂಡಿರಿ. ತಮ್ಮ ಕಣ್ಣು ಚೆನ್ನಾಗಿರಲಿ ಎಂದು ಮನಸಾರೆ ಹಾರೈಸುತ್ತೇನೆ. ನೂರು ವರ್ಷ ಚುರುಕಾಗಿರಲಿ, ಆ ಪರದೆಯ ಪ್ರತಿಯೊಂದು ಎಳೆಯೂ ತಮಗೆ ಸ್ಪಷ್ಟವಾಗಿ ಕಾಣುತ್ತಿರಲಿ.

ನನಗೆ ಕ್ಷಮಾಪಣೆ ಬೇಡ. ಅದಕ್ಕೂ ತಾವು ಒಂದು ಸಮಿತಿ ಮಾಡುತ್ತೀರಿ. ಎರಡು ಕೆಲಸ ಆಗಬೇಕು. ಆ ಸುತ್ತೋಲೆ ಹರಿದು ಹಾಕಿ. ಆಮೇಲೆ ಒಂದು ಮುಂಜಾವು ತಾವೊಬ್ಬರೇ, ಕಾರಿಲ್ಲದೆ, ಕಾರ್ಯದರ್ಶಿಯಿಲ್ಲದೆ ಕರ್ಲ್ಯೂ ಗುಡ್ಡ ಹತ್ತಿ, ಊರನ್ನು ಚೆನ್ನಾಗಿ ನೋಡಿಕೊಂಡು, ನೇರವಾಗಿ ನಮ್ಮ ಕ್ಯಾರವಾನಿಗೆ ಬನ್ನಿ. ನೋಲೀನಳ ಎದುರು ಕೂತು ಕಂಡದ್ದನ್ನೆಲ್ಲ ಹೇಳಿ. ಅವಳು ಪ್ರಶ್ನೆ ಕೇಳುತ್ತಾಳೆ, ತಡವರಿಸಿದರೆ ಬೈಯುತ್ತಾಳೆ. ಉತ್ತರ ಗೊತ್ತಿಲ್ಲದಿದ್ದರೆ ಮತ್ತೆ ಹತ್ತಿ ನೋಡಿಕೊಂಡು ಬರಬೇಕು. ಅವಳು ಸಾಕು ಎನ್ನುವವರೆಗೂ ಹತ್ತಬೇಕು. ಚಹಾ ನಾನು ಮಾಡಿಕೊಡುತ್ತೇನೆ.

ಇಂತಿ,
ಕಣ್ಣಿದ್ದೂ ಹೆಂಡತಿಗೆ ಒಂದು ಊರನ್ನು ಹೇಳಲಾರದೆ ಹೋದ,
ಕ್ಲೈವ್ ಪೆಂಗೆಲಿ