ಅಂಬಣ್ಣ ಹಾಕದ ವಿಷ

ಗೆಳೆಯ ಅಂಬಣ್ಣ,

ನೀನು ಈಗಿರುವ ತಿಂಥಣಿಯಲ್ಲಿ ನಿನ್ನ ಹೆಸರು ಹೇಳಿ ಮನೆ ಕೇಳಿದರೆ, ‘ಕೆರಿಗಿ ವಿಷ ಹಾಕಿದಾಂವನ ಮನೀ ಏನ್ರಿ?’ ಎಂದು ಕೇಳಿ ಆಮೇಲೆ ದಾರಿ ತೋರಿಸುತ್ತಾರಂತೆ. ಅಲ್ಲಿಗೆ ಬಳೆ ಮಾರಲು ಹೋಗಿದ್ದ ಮುನ್ನಿಬೀ ಮೊನ್ನೆ ಹೇಳಿದಳು. ಅದಕ್ಕೇ ಈ ಕಾಗದ.

ಹನ್ನೊಂದು ವರ್ಷದ ಹಿಂದಿನ ಆ ಬೆಳಗು ನನಗಿನ್ನೂ ಮಾಸಿಲ್ಲ. ಕಾಲುವೆ ಬಂದ್ ಆಗಿ ಹದಿನೈದು ದಿನವಾಗಿತ್ತು, ಕೆರೆ ಸೊಂಟದ ಮಟ್ಟಕ್ಕೆ ಇಳಿದಿತ್ತು. ನೀನು ಎಂದಿನಂತೆ ಬಲೆ ಬೀಸುವ ಮೊದಲು ಬಿದಿರುಕೋಲಿನಿಂದ ಕೆಸರು ತಿವಿದು ಗುಳ್ಳೆ ನೋಡುತ್ತಿದ್ದೆ. ಸಣ್ಣ ಗುಳ್ಳೆ ಸಾಲಾಗಿ ಎದ್ದರೆ ಕೆಳಗೆ ಮೀನಿದೆ ಎಂಬುದು ನಿಮ್ಮ ಮನೆತನದ ನಂಬಿಕೆ. ಅಂದು ಕೆರೆ ಅನ್ನಕ್ಕಿಟ್ಟ ಎಸರಿನಂತೆ ಕುದಿಯಿತು. ನೀನು ಬೀಡಿಗೆ ಕಡ್ಡಿ ಗೀರಿದೆ. ನೀರಿನ ಮೇಲೆ ಭಗ್ಗನೆ ನೀಲಿ ಉರಿ ಎದ್ದಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಸುಗಲಮ್ಮ, ‘ಅಂಬಣ್ಣ ನೀರಿಗಿ ಬೆಂಕಿ ಹಚ್ಯಾನ’ ಎಂದು ಊರೆಲ್ಲ ಹೇಳಿದಳು. ಎರಡೇ ದಿನಕ್ಕೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು.

ಚಾವಡಿಯಲ್ಲಿ ಬಸವಂತರಾಯ ಗೌಡರು ಕೇಳಿದರು, ‘ಬೆಳಿಗಿ ಹೊಡಿಯೋ ಎಂಡ್ರಿನ್ ಎಣ್ಣಿ ಹಾಕದ ನೀರಿಗಿ ಉರಿ ಹೆಂಗ ಹತ್ತತೈತಲೇ?’ ನೀನು ನನ್ನ ಕಡೆ ತಿರುಗಿದೆ. ‘ಮಾಸ್ತರ್ರ, ಓದಿದವ್ರು ನೀವು. ನೀವರೆ ಹೇಳ್ರಿ.’

ನನಗೆ ಗೊತ್ತಿತ್ತು, ಅಂಬಣ್ಣ. ಗಾಳಿಯಾಡದ ಕೆಸರಿನಲ್ಲಿ ಹುಲ್ಲು ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೀರು ಆಳವಾಗಿದ್ದರೆ ಗುಳ್ಳೆ ಏರುತ್ತ ಏರುತ್ತ ಕರಗುತ್ತದೆ, ಎಷ್ಟೋ ಗುಳ್ಳೆಗಳು ಮೇಲೆ ಮುಟ್ಟುವುದೇ ಇಲ್ಲ. ನೀರಿಳಿದರೆ ಮೇಲಿನ ಭಾರ ತಗ್ಗಿ ಕೆಸರು ಬಾಯಿ ಬಿಡುತ್ತದೆ. ಆಗ ಗುಳ್ಳೆಗೆ ಕರಗುವಷ್ಟು ದಾರಿಯಿರುವುದಿಲ್ಲ, ಮೇಲೆ ಬಂದು ಒಡೆಯುತ್ತದೆ, ಕಡ್ಡಿ ತಾಗಿದರೆ ಉರಿಯುತ್ತದೆ. ಆದರೂ ನೀರಲ್ಲಿ ಕರಗಿದಷ್ಟನ್ನು ಕಣ್ಣಿಗೆ ಕಾಣದ ಜೀವಿಗಳು ತಿನ್ನುತ್ತವೆ, ತಿನ್ನುವಾಗ ಉಳಿದ ಚೂರು ನೀರಿನಲ್ಲಿದ್ದ ಮೀನಿನ ಪಾಲಿನ ಆಮ್ಲಜನಕವನ್ನೂ ಮುಗಿಸುತ್ತವೆ. ನಿನ್ನ ಮೀನು ಉಸಿರುಕಟ್ಟಿ ಸತ್ತವು.

ಇಷ್ಟು ಹೇಳಿದ್ದರೆ ಜನ ಮುಂದಿನ ಪ್ರಶ್ನೆ ಕೇಳುತ್ತಿದ್ದರು: ಕೆರೆಯಲ್ಲಿ ಅಷ್ಟು ಹುಲ್ಲು ಹಾಕಿದವರು ಯಾರು? ಕಾಲುವೆ ಬಂದ ಮೇಲೆ ವರ್ಷಕ್ಕೆರಡು ಭತ್ತ ಬೆಳೆದ ನಾವು, ನೆನೆದು ಕೆಟ್ಟ ಹುಲ್ಲನ್ನೆಲ್ಲ ಕೆರೆಗೆ ತಳ್ಳಿದ್ದೆವು. ಹೆಚ್ಚಿನದು ಗೌಡರದು. ಎರಡು ಬಂಡಿ ನನ್ನದು. ನಾನು ನೆಲ ನೋಡುತ್ತ ಕುಳಿತೆ. ಮುಂದಿನ ವಾರವೇ ಕೆರೆಯ ಮೀನಿನ ಗುತ್ತಿಗೆ ನಿನ್ನ ಕೈತಪ್ಪಿ ಗೌಡರ ಅಳಿಯನಿಗಾಯಿತು. ನೀನು ಬಲೆ ಹೊತ್ತು ಊರು ಬಿಟ್ಟೆ.

ಈಗ ಕಾಲುವೆ ಮತ್ತೆ ಬಂದ್ ಆಗಿದೆ. ನಿನ್ನೆ ಊರವರನ್ನು ದಂಡೆಗೆ ಕರೆದು, ನಾನೇ ನೀರಿಗಿಳಿದು ಕೆಸರು ತಿವಿದು ಕಡ್ಡಿ ಗೀರಿದೆ. ಅದೇ ಉರಿ ಎದ್ದಿತು. ಉರಿಯ ಕಾರಣ ಬಿಡಿಸಿ ಹೇಳಿ, ನನ್ನ ಎರಡು ಬಂಡಿ ಹುಲ್ಲನ್ನೂ ಒಪ್ಪಿಕೊಂಡೆ. ಗೌಡರು ನಕ್ಕರು. ‘ಅವತ್ತ ಬಾಯಾಗ ಏನ್ ಇಟ್ಕೊಂಡಿದ್ರಿ, ಮಾಸ್ತರ್ರ?’ ಅವರ ಮೇಲೆ ನನಗಿರುವ ಸಿಟ್ಟು ಸಣ್ಣದಲ್ಲ. ಆದರೂ ಅವರು ಕೇಳಿದ್ದು ನ್ಯಾಯವೇ. ಸುಗಲಮ್ಮ ಮಾತ್ರ ಹತ್ತಿರ ಬಂದು, ‘ಅಂಬಣ್ಣಗ ಬರೀರಿ. ನಾ ಕಂಡಿದ್ದು ಉರಿ ಅಷ್ಟ, ವಿಷ ಕಂಡಿಲ್ಲ’ ಎಂದಳು.

ಊರಿಗೆ ಬಾ ಎಂದು ಕರೆಯಲಾರೆ. ಕೆರೆಯಲ್ಲಿ ಈಗ ಮೀನಿಲ್ಲ, ಬರೀ ಜೊಂಡು. ನಿನಗೆ ಓದು ಬಾರದು, ನನ್ನ ಶಾಲೆಯಲ್ಲಿ ಕಲಿತ ನಿನ್ನ ಮಗಳು ಮಲ್ಲಿಕಮ್ಮ ಇದನ್ನು ಓದುತ್ತಾಳೆ. ಮನೆಯೊಳಗೆ ಓದುವುದು ಬೇಡ. ಅಲ್ಲಿಯ ಹೊಳೆದಂಡೆಯಲ್ಲಿ ನಿನ್ನ ಮೀನು ಕೊಳ್ಳಲು ಜನ ಸೇರಿದಾಗ ಗಟ್ಟಿಯಾಗಿ ಓದಲಿ. ನನ್ನ ಹೆಸರು ಬಂದಾಗ ಇನ್ನೂ ಗಟ್ಟಿಯಾಗಿ ಓದಲಿ.

ತಿಂಥಣಿಯ ದೇವರು ಮೋನಪ್ಪಯ್ಯ ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ಚಾವಡಿಯಲ್ಲಿ ಸುಮ್ಮನೆ ಕುಳಿತಿದ್ದ,
ಹಣಮಂತ್ರಾಯ ಮಾಸ್ತರ